ಟೈರಿನ ದೊಡ್ಡಕ್ಷರಕ್ಕೆ ಬಣ್ಣ ಹಚ್ಚಿದೆ, ಸಣ್ಣಕ್ಷರ ಓದಲಿಲ್ಲ

ಮೂರೇ ವಾರಕ್ಕೆ ಕಾರು ವಾಪಸ್ ಬಂತು. ಕೊಟ್ಟಾಗ ಹೊಸದಾಗಿ ಸುಣ್ಣ ಬಳಿದ ಗೋಡೆಯಂತಿದ್ದ ಟೈರಿನ ಅಕ್ಷರಗಳು ಹಾಲು ಕಮ್ಮಿಯಾದ ಚಹಾದ ಬಣ್ಣಕ್ಕೆ ತಿರುಗಿದ್ದವು. ಬಲಗಡೆ ಹಿಂದಿನ ಚಕ್ರದಲ್ಲಂತೂ ಪೇಂಟು ಬಿರುಕು ಬಿಟ್ಟು, ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದ ಹಾಗಿತ್ತು. ಮಾಲೀಕರು ಸಿಟ್ಟಾಗಲಿಲ್ಲ. "ಇದು ಹೀಗೇನಾ?" ಅಂತ ಕೇಳಿದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ನಾನು ಕೆಲಸ ಮಾಡುವುದು ಅಮೆರಿಕದ ಓಹಾಯೋದಲ್ಲಿ, ಹಳೇ ಕಾರುಗಳನ್ನು ರಿಪೇರಿ ಮಾಡಿ ಮೊದಲಿನ ಹಾಗೆ ನಿಲ್ಲಿಸುವ ಸಣ್ಣ ಗ್ಯಾರೇಜಿನಲ್ಲಿ. ಹೆಂಡತಿಯ ಕೆಲಸದ ಸಲುವಾಗಿ ಬಂದವನು, ಪರವಾನಗಿ ಸಿಕ್ಕ ಮೇಲೆ ಇಲ್ಲಿ ಸೇರಿಕೊಂಡೆ. ಇಲ್ಲಿಂದ ಒಂದು ಗಂಟೆ ದಾರಿಗೆ ಆಕ್ರನ್. ಗುಡ್‌ಇಯರ್, ಫೈರ್‌ಸ್ಟೋನ್, ಗುಡ್‌ರಿಚ್ ಮೂರೂ ಟೈರು ಕಂಪನಿಗಳು ಬೆಳೆದ ಊರು. ಒಂದು ಕಾಲಕ್ಕೆ ಜಗತ್ತಿನ ರಬ್ಬರ್ ರಾಜಧಾನಿ ಅನ್ನಿಸಿಕೊಂಡಿತ್ತು. ನಮ್ಮ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಒಬ್ಬರ ತಂದೆ ಅಲ್ಲಿನ ಟೈರು ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ಆ ಮೆಕ್ಯಾನಿಕ್ ಮಾತು ಮುಂದೆ ಬರುತ್ತದೆ.

ಅಕ್ಷರದ ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ಕಾರಣ ದಾವಣಗೆರೆಯ ನನ್ನ ಸೋದರಮಾವ. ಪಿ.ಬಿ. ರಸ್ತೆಯ ಅಂಗಡಿಗಳ ಬೋರ್ಡು, ಲಾರಿಗಳ ನಂಬರು ಬರೆಯುವುದೇ ಅವರ ಕಸುಬು. ಫ್ಲೆಕ್ಸ್ ಬಂದು ಆ ಕಸುಬು ಮುಗಿಯುವ ಮುಂಚೆ, ಶಾಲೆ ರಜೆಯಲ್ಲಿ ನಾನು ಅವರ ಹಿಂದೆ ಪೇಂಟಿನ ಡಬ್ಬಿ ಹಿಡಿದು ತಿರುಗಿದವನು. ಹಾಗಾಗಿ ಬ್ರಷ್ಷು ಹಿಡಿದರೆ ನನ್ನ ಕೈ ನಡುಗುವುದಿಲ್ಲ. ಗ್ಯಾರೇಜಿನಲ್ಲಿ ಇದನ್ನು ನಾನೇ ಎಲ್ಲರಿಗೂ ಹೇಳಿಕೊಂಡಿದ್ದೆ. ತಪ್ಪು ಅಲ್ಲಿಂದಲೇ ಶುರು.

ಬಂದದ್ದು 1971ರ ಡಾಟ್ಸನ್ 240ಝಡ್. ಉದ್ದ ಮೂತಿಯ, ಎರಡೇ ಸೀಟಿನ, ಸಾಲಾಗಿ ಆರು ಸಿಲಿಂಡರ್ ಕೂತ 2.4 ಲೀಟರ್ ಎಂಜಿನ್ನಿನ ಜಪಾನಿ ಕಾರು. 1970ರ ಮಾಡೆಲ್ ಆಗಿ ಅಮೆರಿಕಕ್ಕೆ ಇಳಿದಾಗ ಬೆಲೆ 3,526 ಡಾಲರ್. ಅಮೆರಿಕದ ಕಾರು ವಿನ್ಯಾಸಕ ಪೀಟರ್ ಬ್ರಾಕ್ ಅವರ ರೇಸಿನ ತಂಡ 1970 ಮತ್ತು 1971ರಲ್ಲಿ ಇದನ್ನೇ ಓಡಿಸಿ, ಇಲ್ಲಿನ ಸಿ ಪ್ರೊಡಕ್ಷನ್ ವರ್ಗದ ರೇಸಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಕಾಲದ ರೇಸಿನ ಟೈರುಗಳ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ ಎದ್ದು ಕಾಣುತ್ತಿತ್ತು. ಬಿಟ್ಟಿ ಜಾಹೀರಾತು, ಬೇರೇನಲ್ಲ. ಅದನ್ನು ನೋಡಿ ಬೀದಿಯ ಹುಡುಗರಿಗೂ ತಮ್ಮ ಕಾರಿಗೆ ಬಿಳಿ ಅಕ್ಷರದ ಟೈರೇ ಬೇಕಾಯಿತು. ಈ ಕಾರಿನ ಮಾಲೀಕರೂ ಆ ಕಾಲದ ಹುಡುಗರೇ, ಈಗ ಎಪ್ಪತ್ತರ ಆಸುಪಾಸು. ಅವರ ಕಾರಿನ ಟೈರಿನಲ್ಲಿ ಅಕ್ಷರ ಉಬ್ಬಿಕೊಂಡಿತ್ತು, ಆದರೆ ಕಪ್ಪಿನ ಮೇಲೆ ಕಪ್ಪು. "ಬಿಳಿ ಮಾಡಿಕೊಡಿ" ಅಂದರು.

ನಾನು ಸೋಪು ನೀರಿನಲ್ಲಿ ತೊಳೆದು, ಒರೆಸಿ, ಒಳ್ಳೆಯ ಬಿಳಿ ಎನಾಮಲ್ ತೆಗೆದುಕೊಂಡು ಕೂತೆ. ಎರಡು ದಪ್ಪ ಕೋಟು. ಅಂಚಿನಲ್ಲಿ ಒಂದು ಕೂದಲೆಳೆ ಆಚೀಚೆ ಆಗಲಿಲ್ಲ. ಫೋಟೊ ತೆಗೆದು ಮಾವನಿಗೆ ಕಳಿಸಿದೆ. "ಕೈ ಇನ್ನೂ ಕೆಟ್ಟಿಲ್ಲ ಬಿಡಪ್ಪ ನಿಂದು" ಅಂತ ವಾಯ್ಸ್ ಮೆಸೇಜ್ ಬಂತು. ಅದನ್ನು ಎರಡು ಸಲ ಕೇಳಿದೆ.

ಈಗ ಆ ಅಕ್ಷರಗಳೇ ಕಂದು ತಿರುಗಿ ನನ್ನ ಮುಂದೆ ನಿಂತಿದ್ದವು. ಹಿರಿಯರು ಬಂದು, ಬಗ್ಗಿ ನೋಡಿ, ಉಗುರಿನಿಂದ ಒಂದು ಚಕ್ಕೆ ಎಬ್ಬಿಸಿದರು. "ತಗಡಿಗೆ ಬಳಿಯುವ ಪೇಂಟನ್ನು ಬೆವರುವ ವಸ್ತುವಿಗೆ ಬಳಿದಿದ್ದೀಯ" ಅಂದರು.

ಟೈರು ಬೆವರುತ್ತದೆ ಅನ್ನುವುದು ಬರೀ ಮಾತಿಗಲ್ಲ. ಗಾಳಿಯಲ್ಲಿರುವ ಓಜೋನ್ ರಬ್ಬರನ್ನು ಸೀಳುತ್ತದೆ. ಅದನ್ನು ತಡೆಯಲು ರಬ್ಬರಿಗೆ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಅವು ಒಳಗೇ ಕೂತಿರುವುದಿಲ್ಲ, ಸ್ವಲ್ಪ ಸ್ವಲ್ಪವೇ ಹೊರಮೈಗೆ ಬರುತ್ತಿರಬೇಕು, ಅವುಗಳ ಕೆಲಸವೇ ಅದು. ಬಿಸಿಲಲ್ಲಿ ನಿಂತ ಟೈರು ಕಂದು ಬಣ್ಣಕ್ಕೆ ತಿರುಗುವುದು ಅದರಿಂದಲೇ. ಮೇಲೆ ಬಿಳಿ ಬಳಿದರೆ ಆ ಕಂದು ಅದರೊಳಗೂ ಇಳಿಯುತ್ತದೆ. ಸಾಲದ್ದಕ್ಕೆ ಯಾರೋ ವರ್ಷಗಟ್ಟಲೆ ಮಿರುಗಲಿ ಅಂತ ಸಿಲಿಕೋನ್ ಪಾಲಿಶ್ ಸವರಿದ್ದರು. ಅದರ ಮೇಲೆ ಯಾವ ಪೇಂಟೂ ಹಿಡಿಯದು.

ಬಿರುಕಿನ ಲೆಕ್ಕ ಇನ್ನೂ ಸುಲಭ. 205/70 ಆರ್14 ಅಳತೆಯ ಟೈರಿನ ಸುತ್ತಳತೆ ಸುಮಾರು ಎರಡು ಮೀಟರ್. ಅಂದರೆ ಕಿಲೋಮೀಟರಿಗೆ 500 ಸುತ್ತು. ಪ್ರತಿ ಸುತ್ತಿಗೂ ನೆಲ ಮುಟ್ಟುವ ಜಾಗದಲ್ಲಿ ಟೈರಿನ ಪಕ್ಕೆ ಉಬ್ಬಿ ಮತ್ತೆ ಎಳೆದುಕೊಳ್ಳುತ್ತದೆ. ಮಾಲೀಕರು ಮೂರು ವಾರದಲ್ಲಿ 300 ಕಿಲೋಮೀಟರ್ ಓಡಿಸಿದ್ದರು. ಒಂದೊಂದು ಅಕ್ಷರವೂ ಒಂದೂವರೆ ಲಕ್ಷ ಸಲ ಬಳುಕಿತ್ತು. ಗಟ್ಟಿಯಾಗಿ ಒಣಗುವ ಎನಾಮಲ್ ಎಷ್ಟು ಅಂತ ತಡೆದೀತು? ಮಾವನ ಬೋರ್ಡುಗಳು ಇದ್ದಲ್ಲೇ ಇರುತ್ತಿದ್ದವು.

ಹಾಗಾದರೆ ಕಾರ್ಖಾನೆಯಿಂದ ಬರುವ ಬಿಳಿ ಅಕ್ಷರ ಹೇಗೆ ಬಾಳುತ್ತದೆ? ಅದು ಪೇಂಟೇ ಅಲ್ಲ, ಬಿಳಿ ರಬ್ಬರು. ಟೈರು ಕಪ್ಪಗಿರುವುದು ಗಟ್ಟಿತನಕ್ಕೆ ಅಂತ ಬೆರೆಸುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಿಂದ. ಮಸಿ ಬೆರೆಸುವ ಮುಂಚಿನ ಕಾಲದ ಟೈರುಗಳು ಬಿಳಿಚಾಗಿಯೇ ಇರುತ್ತಿದ್ದವು. ಮಿಷೆಲಿನ್ ಟೈರು ಕಂಪನಿಯ ಜಾಹೀರಾತಿನ ಗುಂಡಪ್ಪ ಮೈತುಂಬ ಟೈರು ಸುತ್ತಿಕೊಂಡೂ ಬೆಳ್ಳಗಿರುವುದು ಅದಕ್ಕೇ. ಬಿಳಿ ಅಕ್ಷರದ ಟೈರಿನ ಪಕ್ಕೆಯಲ್ಲಿ, ಕಲೆಯಾಗದ ಬಿಳಿ ರಬ್ಬರಿನ ಪದರವೊಂದನ್ನು ಹೂತಿಟ್ಟು, ಮೇಲೆ ತೆಳ್ಳನೆ ಕಪ್ಪು ರಬ್ಬರು ಮುಚ್ಚಿ ಬೇಯಿಸುತ್ತಾರೆ. ಆಮೇಲೆ ಉಬ್ಬಿದ ಅಕ್ಷರದ ನೆತ್ತಿಯನ್ನಷ್ಟೇ ಉಜ್ಜಿದರೆ ಒಳಗಿನ ಬಿಳಿ ಹೊರಗೆ ಬರುತ್ತದೆ. ಹಿರಿಯರು ಇದನ್ನು ಹೇಳುವಾಗ ಹಪ್ಪಳದ ಹಿಟ್ಟು ಲಟ್ಟಿಸುವ ಹಾಗೆ ಕೈಯಾಡಿಸಿ ತೋರಿಸಿದ್ದು ಈಗಲೂ ನೆನಪಿದೆ. ಅವರು ಹಪ್ಪಳ ಕಂಡವರಲ್ಲ, ಹೋಲಿಕೆ ನನ್ನದು.

ಸರಿ, ಮತ್ತೆ ಮಾಡೋಣ ಅಂದೆ. "ಮೊದಲು ಕಾರಿನ ಒಳಮುಖಕ್ಕೆ ಇರುವ ಪಕ್ಕೆಯಲ್ಲಿ ಒಂದೇ ಅಕ್ಷರ ಬಳಿದು ನೋಡು, ಎರಡು ವಾರ ಓಡಲಿ" ಅಂದರು ಹಿರಿಯರು. ಚಕ್ರ ಬಿಚ್ಚಿ ಬೋರಲು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಲು ಶುರು ಮಾಡಿದೆ. ಕೊಳೆ ಕರಗಿದಾಗ ರಿಮ್ಮಿನ ಹತ್ತಿರ 'ಡಾಟ್' (ಅಮೆರಿಕದ ಸಾರಿಗೆ ಇಲಾಖೆಯ ಗುರುತು) ಅಂತ ಶುರುವಾಗುವ ಪುಟ್ಟ ಸಾಲು ಕಾಣಿಸಿತು. ಕೊನೆಯ ನಾಲ್ಕು ಅಂಕಿ: 2211.

ಟೈರಿನ ಕೆಲಸ ಮಾಡುವವರಿಗೆ ಇದು ಬಾಯಿಪಾಠ. 2000ದಿಂದ ಈಚೆಗೆ ಆ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2011ರ 22ನೇ ವಾರ. ನಾನು ನಿಂತಿದ್ದದ್ದು 2023ರಲ್ಲಿ. ಹನ್ನೆರಡು ವರ್ಷದ ಟೈರು! ಗ್ರಿಪ್ಪು ಹೊಸದರಂತೆಯೇ ಇತ್ತು. ಇಂಥ ಕಾರು ಓಡುವುದೇ ಭಾನುವಾರದ ಬಿಸಿಲಿಗೆ, ಸವೆಯುವುದು ಎಲ್ಲಿಂದ? ಆದರೆ ರಬ್ಬರಿಗೆ ವಯಸ್ಸಾಗುವುದು ನಿಂತರೂ ನಿಲ್ಲುವುದಿಲ್ಲ. ನೋಡಲು ಎಷ್ಟೇ ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ ಟೈರನ್ನು ಬದಲಿಸಿ ಅನ್ನುತ್ತಾರೆ ಟೈರು ತಯಾರಕರು. ಕೆಲವು ಕಾರು ಕಂಪನಿಗಳು ಆರಕ್ಕೇ ಬದಲಿಸಿ ಅನ್ನುತ್ತವೆ. ದೀಪ ಹಿಡಿದು ನೋಡಿದೆ. ರಿಮ್ಮಿನ ಅಂಚಿನಲ್ಲಿ ಸಣ್ಣ ಸೀಳುಗಳಿದ್ದವು.

ನಾಲ್ಕು ಚಕ್ರದ ಮುಂದೆ ಒಂದೊಂದು ಗಂಟೆ ಕೂತಿದ್ದೆ. ಒಂದು ಗೇಣು ದೂರದಿಂದ ಅಕ್ಷರದ ಅಂಚು ನೋಡಿದ್ದೆ. ಬೇರೆ ಯಾರಾದರೂ ಬರೀ ಬ್ರೇಕ್ ಕೆಲಸಕ್ಕೆ ಚಕ್ರ ಬಿಚ್ಚಿದ್ದರೂ ಮೊದಲು ನೋಡುತ್ತಿದ್ದದ್ದು ಆ ನಾಲ್ಕು ಅಂಕಿ. ನಾನೂ ಬೇರೆ ದಿನ ನೋಡುತ್ತೇನೆ. ಅಂದು ನಾನು ಮೆಕ್ಯಾನಿಕ್ ಆಗಿರಲಿಲ್ಲ, ಆರ್ಟಿಸ್ಟ್ ಆಗಿದ್ದೆ. ಆ ಟೈರಿನ ಮೇಲೆ ಮಾಲೀಕರು ತಮ್ಮ ಮೊಮ್ಮಗಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗಿ ಬಂದಿದ್ದರಂತೆ. ಮಾಲೀಕರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಪೇಂಟಿನ ದುಡ್ಡು ವಾಪಸ್ ಕೊಟ್ಟೆವು.

ಆಮೇಲೆ ಬೇರೆ ಕಾರುಗಳಿಗೆ ಈ ಕೆಲಸ ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ಕೇಳಿದವರಿಗೆ ನನ್ನ ಕ್ರಮ ಇದು: ಮೊದಲು ಅಂಕಿ ಓದುವುದು. ಆಮೇಲೆ ಬಿಸಿ ಸೋಪು ನೀರು, ಗಟ್ಟಿ ನೈಲಾನ್ ಬ್ರಷ್ಷು, ನೀರು ಹನಿಗಟ್ಟದೆ ಹಾಳೆಯಂತೆ ಹರಡುವವರೆಗೆ ತಿಕ್ಕುವುದು. ಹನಿ ನಿಂತರೆ ಇನ್ನೂ ಜಿಡ್ಡಿದೆ ಅಂತ. ಅಕ್ಷರದ ನೆತ್ತಿಗೆ ಮಾತ್ರ ಹಗುರವಾಗಿ ಉಜ್ಜುಕಾಗದ, ನಂತರ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸುವುದು, ಬಟ್ಟೆ ಕಪ್ಪಾದರೆ ಬಟ್ಟೆ ಬದಲಿಸುವುದು. ಥಿನ್ನರಿನಲ್ಲಿ ಟೈರನ್ನು ತೋಯಿಸಲೇಬಾರದು. ಪೇಂಟು ರಬ್ಬರಿನ ಜೊತೆ ಬಳುಕುವಂಥದ್ದೇ ಬೇಕು. ತೆಳ್ಳಗೆ ಮೂರು ನಾಲ್ಕು ಕೋಟು, ಪ್ರತಿ ಕೋಟೂ ಒಣಗಿದ ಮೇಲೆ. ಬ್ರಷ್ಷಿಗಿಂತ ಸಣ್ಣ ಗಟ್ಟಿ ರೋಲರ್ ಒಳ್ಳೆಯದು, ಉಬ್ಬಿದ ಭಾಗಕ್ಕೆ ಮಾತ್ರ ತಾಗುತ್ತದೆ. ಹೇಳಲು ನಾಚಿಕೆ, ನನ್ನ ನಡುಗದ ಕೈ ಇಲ್ಲಿ ಅಷ್ಟೇನೂ ಬೇಕಿಲ್ಲ. ಇಷ್ಟೆಲ್ಲ ಮಾಡಿದರೂ ಇವತ್ತಲ್ಲ ನಾಳೆ ಕಂದಾಗುತ್ತದೆ. ಅದನ್ನು ಬಿಲ್ಲಿನಲ್ಲೇ ಬರೆದು ಕೊಡುತ್ತೇವೆ.

ಡಾಟ್ಸನ್ ಮಾಲೀಕರು ಹೊಸ ಟೈರು ತರಿಸಿದರು, ಕಾರ್ಖಾನೆಯಲ್ಲೇ ಬಿಳಿ ಅಕ್ಷರ ಮಾಡಿದ್ದು. ಸಾಗಣೆಯಲ್ಲಿ ಬಿಳಿ ಮಾಸದಿರಲಿ ಅಂತ ಅಕ್ಷರದ ಮೇಲೆ ನೀಲಿ ಲೇಪವಿರುತ್ತದೆ. ಸೋಪು ನೀರು ಹಾಕಿ ತಿಕ್ಕಿದರೆ ಹೋಗುತ್ತದೆ. ತೊಳೆದು, ಫೋಟೊ ತೆಗೆದು ಮಾವನಿಗೆ ಕಳಿಸಿದೆ. ರಾತ್ರಿ ಫೋನ್ ಬಂತು.

"ಮೊದ್ಲಿಂದಕ್ಕಿಂತ ಇದು ಚೆಂದ ಐತಿ ನೋಡು. ಎಷ್ಟು ಕೋಟು ಹಾಕಿದಿ?"

"ಒಂದೂ ಇಲ್ಲ ಮಾವ. ಬರೀ ತೊಳೆದೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ತೊಳೆಯೋದಕ್ಕೆ ದುಡ್ಡು ತಗೊಂಡಿಲ್ಲ ತಾನೆ?" ಅಂದರು.