ಅರ್ಧ ಬ್ಯಾಂಡ್‌ನ ಲೆಕ್ಕ

ಸಂಜೆ ಹೊತ್ತು ನಾನು ಮಂಗಳೂರಿನಲ್ಲಿ ನರ್ಸ್‌ಗಳಿಗೆ ಐಇಎಲ್‌ಟಿಎಸ್ ಪಾಠ ಮಾಡುತ್ತೇನೆ, ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಅದು. ಹೆಚ್ಚಿನವರು ಡ್ಯೂಟಿ ಮುಗಿಸಿ ನೇರ ಕ್ಲಾಸಿಗೆ ಬರುವವರು. ಎಲ್ಲರ ಕಣ್ಣೂ ಬ್ರಿಟನ್ ಮೇಲೆ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದಿದ್ದು ಇಂಗ್ಲಿಷಿನಲ್ಲೇ, ವಾರ್ಡಿನಲ್ಲಿ ಚಾರ್ಟ್ ಬರೆಯುವುದೂ ಇಂಗ್ಲಿಷಿನಲ್ಲೇ. ಓದುವುದು, ಕೇಳುವುದು, ಮಾತಾಡುವುದು ಹೇಗೋ ದಾಟುತ್ತದೆ. ಸಿಕ್ಕಿಹಾಕಿಕೊಳ್ಳುವುದು ರೈಟಿಂಗ್‌ನಲ್ಲಿ.

ರೈಟಿಂಗ್ ಅಂದರೆ ಒಂದು ಗಂಟೆ, ಎರಡು ಬರಹ. ಮೊದಲನೆಯದರಲ್ಲಿ ಗ್ರಾಫೋ ಕೋಷ್ಟಕವೋ ಕೊಟ್ಟು ಕನಿಷ್ಠ 150 ಪದಗಳಲ್ಲಿ ವಿವರಿಸಿ ಅನ್ನುತ್ತಾರೆ. ಎರಡನೆಯದು ಕನಿಷ್ಠ 250 ಪದಗಳ ಪ್ರಬಂಧ. ಇದಕ್ಕೆ ತೂಕ ಜಾಸ್ತಿ. ಮ್ಯೂಸಿಯಂಗಳಿಗೆ ಸರ್ಕಾರ ದುಡ್ಡು ಹಾಕಬೇಕೇ, ಎಷ್ಟರ ಮಟ್ಟಿಗೆ ಒಪ್ಪುತ್ತೀರಿ, ಇಂಥವು. ಅಭ್ಯಾಸಕ್ಕೆ ಈ ವಿಷಯ ಕೊಟ್ಟಾಗ ಒಬ್ಬಳು ನಗುತ್ತಾ ಕೇಳಿದಳು: "ಮೇಡಂ, ನಾನು ಮ್ಯೂಸಿಯಂ ಒಳಗೇ ಹೋದವಳಲ್ಲ. ಒಪ್ಪೋದು ಬಿಡೋದು ಎಲ್ಲಿಂದ ತರ್ಲಿ?"

ಅವಳ ಪ್ರಬಂಧ ಕುಂಟುತ್ತಿತ್ತು, ನಿಜ. ಅಭಿಪ್ರಾಯವೇ ಇಲ್ಲದ ಕಡೆ 'ಮೊದಲನೆಯದಾಗಿ, ಎರಡನೆಯದಾಗಿ' ಅಂತ ಎಳೆದಿದ್ದಳು. ಇನ್ನೊಂದು ದಿನ ಸುಮ್ನೆ ಅವಳಿಗೆ ಕಾಲ್ಪನಿಕ ರೋಗಿಯೊಬ್ಬರ ಹ್ಯಾಂಡೋವರ್ ನೋಟ್, ಅಂದರೆ ಡ್ಯೂಟಿ ಬದಲಾಗುವಾಗ ಮುಂದಿನ ನರ್ಸ್‌ಗೆ ಬಿಟ್ಟುಹೋಗುವ ಟಿಪ್ಪಣಿ, ಬರೆಯಲು ಹೇಳಿದೆ. ಚಹಾ ಆರುವಷ್ಟರಲ್ಲಿ ಮುಗಿಸಿದಳು. ಆಪರೇಷನ್ ಆಗಿ ಎಷ್ಟು ಹೊತ್ತಾಯಿತು, ಡ್ರೈನ್‌ನಲ್ಲಿ ಎಷ್ಟು ಬಂದಿದೆ, ಯಾವ ಔಷಧಿಗೆ ಅಲರ್ಜಿ, ಮುಂದಿನ ಡೋಸ್ ಎಷ್ಟು ಗಂಟೆಗೆ, ರಾತ್ರಿ ಏನು ಗಮನಿಸಬೇಕು. ಅಲ್ಲೊಂದು ಇಲ್ಲೊಂದು ಆರ್ಟಿಕಲ್ ಬಿಟ್ಟುಹೋಗಿತ್ತು, ಅಷ್ಟೇ. ಓದಿದವರು ಏನನ್ನೂ ತಪ್ಪು ತಿಳಿಯುವ ಹಾಗಿರಲಿಲ್ಲ.

ಪರೀಕ್ಷೆಯೇ ಬೇಡ ಅನ್ನುವವಳು ನಾನಲ್ಲ. ಫೋನಿನಲ್ಲಿ ಡಾಕ್ಟರ್ ಹೇಳಿದ ಫಿಫ್ಟೀನ್ ಫಿಫ್ಟಿ ಅಂತ ಕೇಳಿಸಿದರೆ ಜೀವಕ್ಕೇ ಅಪಾಯ. ನನ್ನ ತಕರಾರು ಗೆರೆ ಎಳೆಯುವ ರೀತಿಯ ಬಗ್ಗೆ.

ಬ್ರಿಟನ್ನಿನಲ್ಲಿ ನರ್ಸ್‌ಗಳನ್ನು ನೋಂದಾಯಿಸುವುದು ಎನ್‌ಎಂಸಿ, ಅಂದರೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್. ಮೊದಲು ಅವರು ನಾಲ್ಕೂ ವಿಭಾಗಗಳಲ್ಲಿ 9ಕ್ಕೆ 7 ಬ್ಯಾಂಡ್ ಕೇಳುತ್ತಿದ್ದರು (ಐಇಎಲ್‌ಟಿಎಸ್ ಅಂಕಕ್ಕೆ ಬ್ಯಾಂಡ್ ಅನ್ನುತ್ತಾರೆ). 2018ರ ಡಿಸೆಂಬರ್‌ನಲ್ಲಿ ರೈಟಿಂಗ್‌ಗೆ 6.5 ಸಾಕು ಅಂದರು. ಅಂದರೆ ನವೆಂಬರ್‌ನಲ್ಲಿ ರೈಟಿಂಗ್‌ನಲ್ಲಿ 6.5 ಇದ್ದವಳು ನರ್ಸ್ ಆಗಲು ಲಾಯಕ್ಕಿಲ್ಲ, ಮುಂದಿನ ತಿಂಗಳು ಲಾಯಕ್ಕು. ಅವಳ ಇಂಗ್ಲಿಷ್ ಅದೇ, ರೋಗಿಗಳೂ ಅದೇ. ಬದಲಿಸಿದ್ದು ಒಳ್ಳೆಯದೇ ಆಯಿತು. ಆದರೆ ಅದಕ್ಕೂ ಮುಂಚೆ ಅರ್ಧ ಬ್ಯಾಂಡ್‌ಗೆ ಸಾಲ ಮಾಡಿ ಮತ್ತೆ ಮತ್ತೆ ಬರೆದವರ ಕಥೆ?

ಯಾವ ಅಳತೆಗೂ ಸ್ವಲ್ಪ ಆಚೀಚೆ ಇರುತ್ತದೆ, ಅಲ್ವಾ? ಪರೀಕ್ಷೆ ನಡೆಸುವವರಿಗೂ ಇದು ಗೊತ್ತು. ಫಲಿತಾಂಶ ಒಪ್ಪಿಗೆ ಇಲ್ಲದಿದ್ದರೆ ಶುಲ್ಕ ಕಟ್ಟಿ ಮರುಮೌಲ್ಯಮಾಪನ ಕೇಳಬಹುದು, ಬ್ಯಾಂಡ್ ಏರಿದರೆ ಆ ದುಡ್ಡು ವಾಪಸ್. ಏರುವುದೂ ಉಂಟು ಅಂತ ಅವರೇ ಒಪ್ಪಿದ ಹಾಗಾಯಿತು. ಆದರೆ ಆ ಅಂಕ ಕೌನ್ಸಿಲ್‌ನ ಮೇಜಿಗೆ ಹೋದ ಮೇಲೆ ಆಚೀಚೆಯ ಮಾತೇ ಇಲ್ಲ. 6 ಅಂದರೆ ಹೊರಗೆ, 6.5 ಅಂದರೆ ಒಳಗೆ.

ಒಇಟಿ ಅಂತ ಇನ್ನೊಂದು ಪರೀಕ್ಷೆ ಇದೆ. 2017ರಿಂದ ಎನ್‌ಎಂಸಿ ಅದನ್ನೂ ಒಪ್ಪುತ್ತದೆ. ಅಲ್ಲಿ ಮ್ಯೂಸಿಯಂ ಇಲ್ಲ. ರೋಗಿಯ ಕೇಸ್ ನೋಟ್ಸ್ ಕೊಟ್ಟು ಪತ್ರ ಬರೆಸುತ್ತಾರೆ. ನಮ್ಮ ಹುಡುಗಿಯರಿಗೆ ನ್ಯಾಯವಾದ ಪರೀಕ್ಷೆ ಅದೇ. ಆದರೆ ಶುಲ್ಕ ಐಇಎಲ್‌ಟಿಎಸ್‌ಗಿಂತ ಜಾಸ್ತಿ. ಐಇಎಲ್‌ಟಿಎಸ್‌ಗೇ ಸುಮಾರು 18,000 ರೂಪಾಯಿ ಬೇಕು. ಇಲ್ಲಿನ ಖಾಸಗಿ ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದವಳ ತಿಂಗಳ ಸಂಬಳ ಎಷ್ಟು ಅಂತ ಮಂಗಳೂರಿನವರಿಗೆ ನಾನು ಹೇಳಬೇಕಿಲ್ಲ. ಇಷ್ಟಾಗಿ ಅಂಕಕ್ಕೆ ಎರಡೇ ವರ್ಷ ಆಯುಸ್ಸು. (ಹಾಗೆ ನೋಡಿದರೆ ನನ್ನ ಹೊಟ್ಟೆ ತುಂಬುವುದೂ ಈ ವ್ಯವಸ್ಥೆಯಿಂದಲೇ. ಅದೂ ಗೊತ್ತಿದೆ.)

2023ರಲ್ಲಿ ಎನ್‌ಎಂಸಿ ಇನ್ನೊಂದು ಬಾಗಿಲು ತೆಗೆಯಿತು. ಅರ್ಧ ಬ್ಯಾಂಡ್‌ನಲ್ಲಿ ತಪ್ಪಿದವರು ಅಥವಾ ಇಂಗ್ಲಿಷಿನಲ್ಲೇ ನರ್ಸಿಂಗ್ ಓದಿದವರು ಕೆಲಸ ಕೊಟ್ಟವರಿಂದ ಭಾಷೆಯ ಬಗ್ಗೆ ಪತ್ರ ತರಬಹುದು. ಓದಿ ಖುಷಿಯಾಯಿತು, ಕ್ಲಾಸಿನಲ್ಲೂ ಹೇಳಲು ಹೊರಟೆ. ಕೆಳಗೆ ಷರತ್ತು ಇತ್ತು: ಹಿಂದಿನ ಎರಡು ವರ್ಷಗಳಲ್ಲಿ ಕನಿಷ್ಠ ಹನ್ನೆರಡು ತಿಂಗಳು ಬ್ರಿಟನ್ನಿನಲ್ಲೇ ಆರೋಗ್ಯ ಅಥವಾ ಆರೈಕೆಯ ಕೆಲಸ ಮಾಡಿರಬೇಕು. ಅಲ್ಲಿ ಕೇರ್ ಹೋಮ್‌ನಲ್ಲಿ ದುಡಿಯುತ್ತಿರುವವರಿಗೆ ಇದರಿಂದ ನಿಜವಾಗಿಯೂ ಅನುಕೂಲ. ಜೊತೆಗೆ ಕೆಲಸ ಮಾಡಿದವರ ಸಾಕ್ಷಿಗೆ ಪರೀಕ್ಷೆಯಷ್ಟೇ ಬೆಲೆ ಇದೆ ಅಂತ ಒಪ್ಪಿಯೂ ಆಯಿತು. ಹಾಗಾದರೆ ಇಲ್ಲಿ ವರ್ಷಗಟ್ಟಲೆ ಅವಳ ಚಾರ್ಟ್ ಓದಿದ ಹೆಡ್ ನರ್ಸ್‌ನ ಸಾಕ್ಷಿ ಯಾಕೆ ನಡೆಯುವುದಿಲ್ಲ?