18 ಸಾವಿರಕ್ಕೆ ಒಂದು ಪೀಪಿ

ಅಮ್ಮನಿಗೆ ಫೋನಿನಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟೆ. ಒಂದು ಟಿನ್ ವಿಸಲ್, ಅಂದರೆ ಲೋಹದ ಪುಟ್ಟ ಕೊಳಲು, ನೋಡಿಟ್ಟಿದ್ದೇನೆ, ಕೈಯಲ್ಲೇ ಮಾಡಿದ್ದು, 180 ಯೂರೋ ಅಂತ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಂದ್ರೆ 18 ಸಾವಿರ. ಪೀಪಿಗೇನೋ?" ಅಂದರು. ತೇರಿನ ದಿನ ಬೆಂಡು ಬತ್ತಾಸಿನ ಅಂಗಡಿ ಪಕ್ಕ ಮಾರುತ್ತಾರಲ್ಲ, ಅದು ಕಣ್ಣ ಮುಂದೆ ಬಂದಿರಬೇಕು. ಪೂರ್ತಿ ತಪ್ಪೂ ಅಲ್ಲ.

ನಾನು ಐರ್ಲೆಂಡಿನ ಡಬ್ಲಿನ್‌ಗೆ ಬಂದು ನಾಲ್ಕು ವರ್ಷ. ಮೊದಲನೇ ಚಳಿಗಾಲದಲ್ಲಿ, ಸಂಜೆ ನಾಲ್ಕೂವರೆಗೇ ಕತ್ತಲಾಗುವ ದಿನಗಳಲ್ಲಿ, ಸಹೋದ್ಯೋಗಿ ಒಬ್ಬರು ಸ್ಮಿತ್‌ಫೀಲ್ಡಿನ ಕಾಬಲ್‌ಸ್ಟೋನ್ ಪಬ್ಬಿಗೆ ಕರೆದುಕೊಂಡು ಹೋದರು. ಮೂಲೆಯಲ್ಲಿ ಏಳೆಂಟು ಜನ ಕೂತು ಪಿಟೀಲು, ಕೊಳಲು, ಬ್ಯಾಂಜೋ ನುಡಿಸುತ್ತಿದ್ದರು. ಮೈಕಿಲ್ಲ, ವೇದಿಕೆಯಿಲ್ಲ, ಚಪ್ಪಾಳೆಗೂ ಕಾಯುವುದಿಲ್ಲ. ಅದರಲ್ಲಿ ಒಬ್ಬರ ಕೈಯಲ್ಲಿ ಪೆನ್ನಿಗಿಂತ ಸ್ವಲ್ಪ ದಪ್ಪದ ಕೊಳವೆ. ಅದೇ ಟಿನ್ ವಿಸಲ್. ಇಲ್ಲಿ ಪ್ರೈಮರಿ ಶಾಲೆ ಮಕ್ಕಳ ಬ್ಯಾಗಿನಲ್ಲೂ ಇರುತ್ತದೆ. ಮಾರನೇ ದಿನವೇ 12 ಯೂರೋ ಕೊಟ್ಟು ಒಂದು ತಂದೆ.

ಹಿತ್ತಾಳೆ ಕೊಳವೆ, ಊದುವ ಕಡೆ ಪ್ಲಾಸ್ಟಿಕ್ ತಲೆ, ಆರು ತೂತು, ಡಿ ಶ್ರುತಿ. ಕೆಳಗಿನಿಂದ ಒಂದೊಂದೇ ಬೆರಳು ಎತ್ತುತ್ತಾ ಹೋದರೆ ಶಂಕರಾಭರಣ ರಾಗ ತಾನಾಗೇ ಬರುತ್ತದೆ. ನಾನು ಚಿಕ್ಕವನಿದ್ದಾಗ ಎರಡು ವರ್ಷ ಕೊಳಲು ಕಲಿತು ಬಿಟ್ಟವನು, ತುಟಿಯಲ್ಲಿ ಗಾಳಿ ಹಿಡಿಯೋದು ಕೊನೆಗೂ ಒಲಿಯಲಿಲ್ಲ. ಇದರಲ್ಲಿ ಆ ಗೋಳಿಲ್ಲ, ಗಾಳಿಯನ್ನು ಅಂಚಿಗೆ ತಾಗಿಸುವ ಕೆಲಸವನ್ನು ತಲೆಯೊಳಗಿನ ಸಂದಿಯೇ ಮಾಡುತ್ತದೆ. ಹಾಗಂತ ಸಂಗೀತದ ಮೊದಲ ಪಾಠ ಸರಳೆವರಸೆ ಶುರು ಮಾಡಬೇಡಿ, ಅದು ಇರೋದು ಮಾಯಾಮಾಳವಗೌಳ ರಾಗದಲ್ಲಿ, ಅದರ ರಿಷಭಕ್ಕೂ ಧೈವತಕ್ಕೂ ಅರ್ಧ ತೂತು ಮುಚ್ಚಬೇಕು, ಆ ಪುಟ್ಟ ತೂತಲ್ಲಿ ಅರ್ಧ ಯಾವುದು ಅಂತ ಬೆರಳಿಗೇ ಗೊತ್ತಾಗಲ್ಲ.

ತೊಂದರೆ ಮೇಲಿನ ಸ್ಥಾಯಿಯಲ್ಲಿ. ಇದರಲ್ಲಿ ಮೇಲಿನ ಸ್ಥಾಯಿಗೆ ಬೇರೆ ಬೆರಳಿಲ್ಲ, ಅದೇ ಬೆರಳಿಟ್ಟು ಜೋರಾಗಿ ಊದಬೇಕು, ಅಷ್ಟೆ. ನನ್ನದರಲ್ಲಿ ಮೇಲಿನ ಎ ಸ್ವರದ ತನಕ, ಅಂದರೆ ನಮ್ಮ ಪಂಚಮದ ತನಕ ಪರವಾಗಿಲ್ಲ, ಅದರ ಮುಂದಿನ ಬಿ ಬಂತೆಂದರೆ ಕಿರುಚುತ್ತದೆ. ಅಡುಗೆಮನೆಯಿಂದ ಹೆಂಡತಿ, "ಮೂರು ವಿಸಲ್ ಆಯ್ತು ಕಣ್ರೀ, ಸ್ಟವ್ ಆಫ್ ಮಾಡ್ಲಾ?" ಅಂತಾಳೆ.

ಹಾಗಾಗಿ ಕೈಯಲ್ಲಿ ಮಾಡುವವರನ್ನು ಹುಡುಕಿದೆ. ಇಂಗ್ಲೆಂಡಿನಲ್ಲಿ ಒಬ್ಬರು, ಮನೆ ಹಿಂದಿನ ಶೆಡ್‌ನಲ್ಲಿ ಒಬ್ಬರೇ ಕೂತು ಮಾಡುತ್ತಾರೆ. ತಲೆಯೂ ಹಿತ್ತಾಳೆಯದೇ, ಗಾಳಿ ಸೀಳುವ ಅಂಚನ್ನು ಅರದಿಂದ ಒಂದೆರಡು ಸಲ ಉಜ್ಜುವುದು, ಊದಿ ನೋಡುವುದು, ಮತ್ತೆ ಉಜ್ಜುವುದು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ದನಿ ಬದಲಾಗುತ್ತದೆ. ನೀವು ದುಡ್ಡು ಕೊಡೋದು ಹಿತ್ತಾಳೆಗಲ್ಲ, ಈ ಉಜ್ಜಾಟಕ್ಕೆ. ಕಾರ್ಖಾನೆಯ ಪ್ಲಾಸ್ಟಿಕ್ ತಲೆಗಳನ್ನು ಹೀಗೆ ಒಂದೊಂದಾಗಿ ಊದಿ ನೋಡುತ್ತಾ ಕೂರುವುದಿಲ್ಲ. ಅದಕ್ಕೇ ಹಳಬರು ಒಂದೇ ಕಂಪನಿಯದ್ದು ನಾಲ್ಕೈದು ತಂದು, ಊದಿ, ಒಂದನ್ನು ಇಟ್ಟುಕೊಳ್ಳುತ್ತಾರೆ.

ಆದರೂ ಮನಸ್ಸು ಚುಚ್ಚುತ್ತಿತ್ತು. ಇದು ಹುಟ್ಟಿದ್ದೇ ಬಡವರ ವಾದ್ಯವಾಗಿ. 1843ರಲ್ಲಿ ರಾಬರ್ಟ್ ಕ್ಲಾರ್ಕ್ ಅನ್ನುವ ಇಂಗ್ಲೆಂಡಿನ ಕೂಲಿಯಾಳು ತಗಡು ಸುತ್ತಿ, ಬಾಯಿಗೆ ಮರದ ತುಂಡು ತುರುಕಿ ಇದನ್ನು ಮಾಡಿ ಮಾರೋಕೆ ಶುರುಮಾಡಿದ, ಆ ಹೆಸರಿನ ವಿಸಲ್ ಇವತ್ತಿಗೂ ಸಿಗುತ್ತದೆ. ಇಲ್ಲಿನ ಎಷ್ಟೋ ದೊಡ್ಡ ವಾದಕರು ಅಗ್ಗದ್ದನ್ನೇ ನುಡಿಸಿ ರೆಕಾರ್ಡ್ ಮಾಡಿದ್ದಾರೆ. ಹಾಗಿರುವಾಗ ನನ್ನ ಬಿ ಕಿರುಚಿದರೆ ತಪ್ಪು ಯಾರದ್ದು?

ನಮ್ಮ ಏರಿಯಾದ ಸೆಷನ್‌ಗೆ, ಅಂದರೆ ಆ ಪಬ್ಬಿನಲ್ಲಿ ಕಂಡಂಥ ನುಡಿಸುವವರ ಕೂಟಕ್ಕೆ, ಬರುವ ಒಬ್ಬ ತಾತನ ಹತ್ತಿರ ಅಂಥದ್ದೇ ಕೈಯಲ್ಲಿ ಮಾಡಿದ್ದು ಇದೆ. ಕೇಳಿದ್ದಕ್ಕೆ ಒಂದು ವಾರ ಕೊಟ್ಟರು. ಬೆಸುಗೆ ಹಾಕಿದ ಜಾಗ ಮಾತ್ರ ಬೆಳ್ಳಗೆ, ಬೆರಳಿಡುವ ಕಡೆ ಸವೆದು ಕಪ್ಪು. ಕೈಗೆ ಬಂದಾಗ ಬೆಚ್ಚಗಿತ್ತು, ಕೋಟಿನ ಒಳಜೇಬಿನಿಂದ ತೆಗೆದು ಕೊಟ್ಟಿದ್ದರು. ತಲೆ ತಣ್ಣಗಿದ್ದರೆ ಉಸಿರಿನ ಹಬೆ ಸಂದಿಯಲ್ಲಿ ನೀರಾಗಿ ಕಟ್ಟಿ, ಸ್ವರ ಉಬ್ಬಸ ಬಂದವರ ಹಾಗೆ ಆಗಿಬಿಡುತ್ತದೆ. ಪ್ಲಾಸ್ಟಿಕ್ಕಿಗಿಂತ ಹಿತ್ತಾಳೆ ತಲೆಗೆ ಈ ಕಾಟ ಜಾಸ್ತಿ. ಮಾರುವವರು ಇದನ್ನು ಮೊದಲು ಹೇಳಲ್ಲ.

ಆ ವಾರ ನನ್ನದಕ್ಕೂ ಒಂದಿಷ್ಟು ರಿಪೇರಿ ಮಾಡಿದೆ. ಎಲ್ಲರ ಜೊತೆ ಕೂತಾಗ ಅದು ಒಂಚೂರು ಮೇಲಿನ ಶ್ರುತಿಯಲ್ಲೇ ಇರುತ್ತಿತ್ತು. ತಲೆಯನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ಬಟ್ಟೆ ಹಿಡಿದು ತಿರುಗಿಸಿದರೆ ಟಕ್ ಅಂತ ಅಂಟು ಬಿಟ್ಟಿತು. ಎರಡು ಮಿಲಿಮೀಟರ್ ಹೊರಗೆಳೆದೆ, ಶ್ರುತಿ ಕೂತಿತು. ತಲೆಯೊಳಗೆ ಸಂದಿಯ ಕೆಳಗೆ ಒಂದು ಟೊಳ್ಳು ಜಾಗ ಇರುತ್ತದೆ, ಅದಕ್ಕೆ ಗೋಡೆಗೆ ಪೋಸ್ಟರ್ ಅಂಟಿಸುವ ಬ್ಲೂಟ್ಯಾಕ್ ತುಂಬಿ ಕಡ್ಡಿಯಲ್ಲಿ ನಯ ಮಾಡಿದೆ. ಖರ್ಚು ಸೊನ್ನೆ. ಬಿ ಅರ್ಧಕ್ಕರ್ಧ ಪಳಗಿತು.

ಆಮೇಲೆ ಜಿಗ್ ಅನ್ನುವ ಕುಣಿತದ ಟ್ಯೂನ್ ಒಂದನ್ನು ಎರಡರಲ್ಲೂ ನುಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿ, ಯಾವುದು ಯಾವುದು ಅಂತ ಹೇಳದೆ ಹೆಂಡತಿಗೆ ಕೇಳಿಸಿದೆ. ಕೆಳಗಿನ ಸ್ಥಾಯಿಯಲ್ಲಿ ಅವಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಬೆರಳು ತಡವರಿಸೋದು ಎರಡರಲ್ಲೂ ಒಂದೇ ಥರ, ಅದನ್ನು ಬೇಗ ಗುರುತಿಸಿದಳು. ಆದರೆ ಟ್ಯೂನ್ ಮೇಲೇರಿದ ಕಡೆ ಎರಡನೆಯದಕ್ಕೆ, "ಇದು ಕಿವಿಗೆ ಹಿತವಾಗಿದೆ" ಅಂದಳು. ಅದು ತಾತನದ್ದು. ನನಗೂ ಗೊತ್ತಿತ್ತು. ಅದರಲ್ಲಿ ದಮ್ಮು ಕಟ್ಟಿ ಊದಬೇಕಾಗಿಲ್ಲ, ಬಿ ಬರುತ್ತೋ ಇಲ್ವೋ ಅಂತ ಭುಜ ಬಿಗಿಯಾಗಲ್ಲ. ಮುಕ್ಕಾಲು ಪಾಲು ನನ್ನ ತಪ್ಪು, ಕಾಲು ಪಾಲು ವಿಸಲ್‌ದು. ಆ ಕಾಲು ಪಾಲಿಗೆ 180 ಯೂರೋ ಜಾಸ್ತಿಯಾ? ವರ್ಷಕ್ಕೊಮ್ಮೆ ತೆಗೆಯುವವನಾಗಿದ್ದರೆ ಜಾಸ್ತಿಯೇ. ನಾನು ದಿನಾ ಊದುತ್ತೇನೆ.

ಇಂಗ್ಲೆಂಡಿನವರಿಗೆ ಮೇಲ್ ಹಾಕಿದೆ. ಐದು ತಿಂಗಳು ಕ್ಯೂ ಇದೆ, ಮುಂಗಡ ಬೇಡ, ರೆಡಿಯಾದಾಗ ದುಡ್ಡು ಕಳಿಸಿ ಅಂತ ಉತ್ತರ ಬಂತು. ಜೊತೆಗೆ ಒಂದು ಪ್ರಶ್ನೆ: ಒಬ್ಬರೇ ನುಡಿಸುತ್ತೀರೋ, ಗುಂಪಲ್ಲೋ? ಜೋರು ದನಿ ಬೇಕೋ, ಮೆತ್ತಗೋ? ನಾನು ಯೋಚಿಸುತ್ತಿದ್ದೆ, ಹಿಂದಿನಿಂದ ಇಣುಕಿದವಳು "ಮೆತ್ತಗೆ ಅಂತ ಬರೀರಿ" ಅಂದಳು. ಬರೆದೆ.

ಬ್ರೆಕ್ಸಿಟ್ ಆದಮೇಲೆ ಇಂಗ್ಲೆಂಡಿನಿಂದ ಇಲ್ಲಿಗೆ ತರಿಸುವ ಹೆಚ್ಚಿನ ಸಾಮಾನಿಗೆ ಇಲ್ಲಿನ ವ್ಯಾಟ್ ಬೀಳುತ್ತದೆ, ಇದಕ್ಕೆ 23 ಪರ್ಸೆಂಟ್. ಎಲ್ಲಾ ಸೇರಿ 220 ದಾಟುತ್ತೆ. ಅಮ್ಮನಿಗೆ ಇದನ್ನಿನ್ನೂ ಹೇಳಿಲ್ಲ.