ಸಿಂಗಾಪುರದಿಂದ: ಕ್ವಾಂಟಂಗೆ ಜಗ್ಗದ ಬೀಗಕ್ಕೆ ಸರ್ಕಾರದ ದುಡ್ಡು, ಪಟ್ಟಿ ಮಾತ್ರ ನೀವೇ ಮಾಡಬೇಕು

ಮುಂದೊಂದು ದಿನ ಬಲಿಷ್ಠ ಕ್ವಾಂಟಂ ಕಂಪ್ಯೂಟರ್ ಬಂದರೆ, ಇಂದು ಕೀಲಿ ಹಂಚಿಕೊಳ್ಳಲು ಮತ್ತು ಡಿಜಿಟಲ್ ಸಹಿ ಹಾಕಲು ಬಳಸುವ ಬೀಗಗಳು ಮುರಿಯುತ್ತವೆ. ಸಿಂಗಾಪುರದ ಹಣಕಾಸು ಪ್ರಾಧಿಕಾರ ಎಂದರೆ ನಮ್ಮ ರಿಸರ್ವ್ ಬ್ಯಾಂಕ್ ಇದ್ದ ಹಾಗೆ. 2024ರ ಫೆಬ್ರುವರಿಯಲ್ಲಿ ಅದು ಇಲ್ಲಿನ ಬ್ಯಾಂಕುಗಳಿಗೆ ಸಲಹಾಪತ್ರವೊಂದನ್ನು ಕಳಿಸಿತು. ಎಲ್ಲೆಲ್ಲಿ ಯಾವ ಎನ್‌ಕ್ರಿಪ್ಶನ್ ಇದೆ ಎಂದು ಪಟ್ಟಿ ಮಾಡಿ, ಅದನ್ನು ಬದಲಿಸಲು ತಯಾರಾಗಿ ಎಂಬುದು ಅದರ ತಿರುಳು. ಅದೇ ವರ್ಷದ ಜುಲೈನಲ್ಲಿ ಕ್ವಾಂಟಂ ಮತ್ತು ಎಐ ಎರಡಕ್ಕೂ ಸೇರಿಸಿ ಹೆಚ್ಚುವರಿಯಾಗಿ 10 ಕೋಟಿ ಸಿಂಗಾಪುರ ಡಾಲರ್ ತೆಗೆದಿಟ್ಟಿತು. 2025ರ ಅಕ್ಟೋಬರ್‌ನಲ್ಲಿ ಸಿಂಗಾಪುರದ ಸೈಬರ್ ಭದ್ರತಾ ಸಂಸ್ಥೆ ಈ ಬದಲಾವಣೆಯ ಕೈಪಿಡಿಯ ಕರಡನ್ನೂ ಹೊರತಂದಿತು.

ಸುದ್ದಿಯಲ್ಲಿ ಮಿಂಚುವುದು ಕ್ವಾಂಟಂ ಕೀಲಿ ಹಂಚಿಕೆ, ಅಂದರೆ ಬೆಳಕಿನ ಕಣಗಳಲ್ಲಿ ಕೀಲಿ ಕಳಿಸುವ ವಿದ್ಯೆ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ. ಇರುವ ದ್ವೀಪದಲ್ಲಿ ಅದು ಸಾಧ್ಯ. ಫೈಬರ್ ಉದ್ದವಾದಷ್ಟೂ ಕಣಗಳು ಸೋರಿಹೋಗುತ್ತವೆ. ಈ ವಿದ್ಯೆಗೆ ಬೇರೆಯೇ ಯಂತ್ರ ಬೇಕು, ಮೇಲಾಗಿ ಆ ತುದಿಯಲ್ಲಿರುವವರು ಯಾರೆಂದು ಅದು ತಾನಾಗಿ ಖಾತ್ರಿಪಡಿಸದು. ಹೆಚ್ಚಿನವರಿಗೆ ಬೇಕಾದದ್ದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2024ರ ಆಗಸ್ಟ್ 13ರಂದು ಅಂತಿಮಗೊಳಿಸಿದ, ಕ್ವಾಂಟಂಗೆ ಜಗ್ಗದ ಮಾನದಂಡಗಳು: ಕೀಲಿ ಒಪ್ಪಂದಕ್ಕೆ (ಎರಡೂ ಕಡೆಯವರು ಗುಟ್ಟಿನ ಕೀಲಿಯೊಂದನ್ನು ಗೊತ್ತುಮಾಡಿಕೊಳ್ಳಲು) ಎಂಎಲ್-ಕೆಇಎಂ, ಕಳಿಸಿದವರು ಯಾರೆಂದು ಖಾತ್ರಿಪಡಿಸುವ ಡಿಜಿಟಲ್ ಸಹಿಗೆ ಎಂಎಲ್-ಡಿಎಸ್ಎ. ಇವು ಬರಿಯ ತಂತ್ರಾಂಶ.

ಅನುದಾನದಿಂದ ಪ್ರಯೋಗ ನಡೆಸಬಹುದು, ತರಬೇತಿ ಕೊಡಿಸಬಹುದು. ಪಟ್ಟಿಯನ್ನು ಯಾರೂ ಮಾಡಿಕೊಡುವುದಿಲ್ಲ. ಅದೋ ಹನುಮಂತನ ಬಾಲ. ವೆಬ್ ಸರ್ಟಿಫಿಕೇಟುಗಳು ಸುಲಭಕ್ಕೆ ಸಿಗುತ್ತವೆ. ಮರೆತುಹೋಗುವುದು ವಿಪಿಎನ್, ಕೋಡ್ ಸಹಿ, ಬ್ಯಾಕಪ್ ಟೇಪು, ಪಾಲುದಾರರ ಜೊತೆ ಕಡತ ಸಾಗಿಸುವ ಎಸ್‌ಎಫ್‌ಟಿಪಿ, ಹಾರ್ಡ್‌ವೇರ್ ಕೀಲಿಪೆಟ್ಟಿಗೆ. ಪ್ರತಿ ಸಾಲಿನಲ್ಲೂ ಅಲ್ಗಾರಿದಂ, ಕೀಲಿಯ ಉದ್ದ, ಜವಾಬ್ದಾರರು ಯಾರು ಎಂದು ಬರೆದು, ಆ ಮಾಹಿತಿ ಎಷ್ಟು ವರ್ಷ ಗುಟ್ಟಾಗಿರಬೇಕು ಎಂಬುದನ್ನೂ ಸೇರಿಸಿ. ಕೊನೆಯದೇ ಮುಖ್ಯ. ಇಂದು ಕದ್ದು ಕೂಡಿಟ್ಟದ್ದನ್ನು ಮುಂದೆಂದೋ ಬಿಚ್ಚುವ ಕಳ್ಳನಿಗೆ ಐದು ನಿಮಿಷದ ಒಟಿಪಿ ಬೇಡ, ಮೂವತ್ತು ವರ್ಷದ ವಿಮಾ ದಾಖಲೆ ಬೇಕು.

ಮೊದಲು ಬದಲಿಸಬೇಕಾದದ್ದು ಕೀಲಿ ಒಪ್ಪಂದ. ಈಗ ಬಳಕೆಯಲ್ಲಿರುವ ಹಳೆಯ ವಿಧಾನ ಎಕ್ಸ್25519 ಜೊತೆಗೆ ಎಂಎಲ್-ಕೆಇಎಂ-768 ಹೆಣೆದ ಜೋಡಿ ಬಳಸಿ. ಒಂದು ಮುರಿದರೂ ಇನ್ನೊಂದು ಕಾಯುತ್ತದೆ. 2025ರ ಏಪ್ರಿಲ್‌ನಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 3.5ರಲ್ಲಿ (ಸರ್ವರಿನ ಎನ್‌ಕ್ರಿಪ್ಶನ್ ತಂತ್ರಾಂಶ) ಇದು ಸಿದ್ಧವಾಗಿದೆ. ಜಾವಾ ಭಾಷೆಯ ತಂತ್ರಾಂಶ ಮಾತ್ರ, ಸಂಪರ್ಕಕ್ಕೆ ಬೀಗ ಹಾಕುವ ತನ್ನದೇ ಟಿಎಲ್‌ಎಸ್ ಹೊತ್ತು ತಿರುಗುತ್ತದೆ. ಸರ್ವರಿನ ಓಪನ್‌ಎಸ್‌ಎಸ್‌ಎಲ್ ಬದಲಿಸಿದ್ದೇವೆಂದು ನಿಶ್ಚಿಂತರಾಗಬೇಡಿ.

ಎಡವುವುದು ಗಾತ್ರದಲ್ಲಿ. ಹಳೆಯ ಕೀಲಿ 32 ಬೈಟ್, ಹೊಸ ಜೋಡಿ 1,216. ಬ್ರೌಸರಿನ ಮೊದಲ ಸಂದೇಶ 1,500 ಬೈಟ್‌ನ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸದೆ ಎರಡಾಗುತ್ತದೆ. ಮೊದಲನೆಯದನ್ನಷ್ಟೇ ಓದಿ ತೀರ್ಮಾನಿಸುವ ಹಳೆಯ ಫೈರ್‌ವಾಲ್, ದಟ್ಟಣೆ ಹಂಚುವ ಲೋಡ್ ಬ್ಯಾಲೆನ್ಸರುಗಳು ಅಲ್ಲೇ ಕೈಚೆಲ್ಲುತ್ತವೆ. ಹೊಸ ಕ್ರೋಮ್‌ನಲ್ಲಿ ಪುಟ ಸುತ್ತುತ್ತಲೇ ಇದ್ದು, ಹಳೆಯ ಬ್ರೌಸರಿನಲ್ಲಿ ಥಟ್ಟನೆ ತೆರೆದರೆ ಇದನ್ನೇ ಅನುಮಾನಿಸಿ. ಸರ್ವರ್ ಲಾಗಿನಲ್ಲಿ ಏನೂ ಕಾಣದು, ಸಂದೇಶ ಅಲ್ಲಿಗೆ ತಲುಪಿರುವುದೇ ಇಲ್ಲ. ಪರಿಹಾರ, ನಡುವಿನ ಆ ಪೆಟ್ಟಿಗೆಯೊಳಗಿನ ತಂತ್ರಾಂಶದ, ಅಂದರೆ ಫರ್ಮ್‌ವೇರ್ ನವೀಕರಣ.

ಸಹಿ ಇನ್ನೂ ದಪ್ಪ. ಈಗಿನ ಪಿ-256 ಸಹಿ 64 ಬೈಟ್, ಎಂಎಲ್-ಡಿಎಸ್ಎ-65ರದು 3,309, ಅದರ ಸಾರ್ವಜನಿಕ ಕೀಲಿ 1,952. ಮೂರು ಸರ್ಟಿಫಿಕೇಟಿನ ಸರಪಣಿ 15,000 ಬೈಟ್ ದಾಟುತ್ತದೆ. 2,048 ಬಿಟ್ಟಿನ ಆರ್‌ಎಸ್‌ಎ ಸಹಿಗೆಂದು ಯಾರೋ 256 ಬೈಟ್‌ಗೆ ಅಳೆದು ಮಾಡಿದ ಡೇಟಾಬೇಸ್ ಕಾಲಂ ಇದ್ದೇ ಇರುತ್ತದೆ, ಹುಡುಕಿಟ್ಟುಕೊಳ್ಳಿ. ಸಹಿಗೆ ಅಷ್ಟು ಅವಸರವೂ ಇಲ್ಲ, ನಿನ್ನೆಯ ಲಾಗಿನ್ನಿಗೆ ನಾಳೆ ಕಳ್ಳಸಹಿ ಹಾಕಿ ಲಾಭವಿಲ್ಲ. ಹತ್ತಾರು ವರ್ಷ ಗೋಡೆಯಲ್ಲಿರುವ ಯಂತ್ರದ ಫರ್ಮ್‌ವೇರ್ ಸಹಿಯದು ಬೇರೆ ಮಾತು.

ಭಾರತದಲ್ಲೂ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 2023ರಲ್ಲೇ 6,003.65 ಕೋಟಿ ರೂಪಾಯಿ ಮಂಜೂರಾಗಿದೆ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಸಿಂಗಾಪುರದಲ್ಲಿ ಶಾಖೆಯಿರುವ ಹಲವು ಬ್ಯಾಂಕುಗಳ ತಂತ್ರಾಂಶ ತಂಡಗಳಿರುವುದು ಬೆಂಗಳೂರಿನಲ್ಲಿ. ಯಾವ ಎನ್‌ಕ್ರಿಪ್ಶನ್ ಬಳಸುತ್ತೀರಿ ಎಂದು ಬ್ಯಾಂಕುಗಳಿಂದ ಮಾರಾಟಗಾರರಿಗೆ ಹೋಗುವ ಪ್ರಶ್ನಾವಳಿ ಅಲ್ಲಿನ ಮೇಜಿಗೂ ಬಂದೇ ಬರುತ್ತದೆ. ಅದರಲ್ಲಿ ‘ನಾವು ಎಇಎಸ್-256 ಬಳಸುತ್ತೇವೆ, ಸುರಕ್ಷಿತ’ ಎಂದು ಬರೆದರೆ ಸಾಲದು. ಮಾಹಿತಿಯನ್ನು ಗುಟ್ಟಾಗಿಡುವ ಎಇಎಸ್ ಬೀಗ ಗಟ್ಟಿಯಾಗಿಯೇ ಇದೆ. ಪ್ರಶ್ನೆ ಇರುವುದು ಆ ಎಇಎಸ್ ಕೀಲಿಯನ್ನು ಎರಡೂ ಕಡೆಯವರು ಹೇಗೆ ಹಂಚಿಕೊಂಡಿರಿ ಎಂಬುದರ ಬಗ್ಗೆ.